ಕುಯ್ಲಿನ ಕಾಲದ ಉಪಚುನಾವಣೆ

ನಮ್ಮ ಓಣಿಯ ಪಂಚಾಯ್ತಿ ಮೆಂಬರು ತೀರಿಕೊಂಡ ಮೇಲೆ, ಆ ಜಾಗದ ಚುನಾವಣೆ ಇಂದು ನಾಳೆ ಎಂದು ಮುಂದೆ ಹೋಗುತ್ತಲೇ ಇತ್ತು. ಕೊನೆಗೂ ದಿನ ಗೊತ್ತಾದಾಗ ಅರ್ಧ ಓಣಿ ಊರಲ್ಲಿರಲಿಲ್ಲ. ಹೆಂಗಸರು ಭತ್ತದ ಕುಯ್ಲಿಗೆಂದು ಸಿರುಗುಪ್ಪದ ಕಡೆ ಹೋಗಿದ್ದರು. ಚುನಾವಣೆಗೆ ನಿಂತವಳು ನಮ್ಮವ್ವ, ಎದುರಿಗೆ ಕಿರಾಣಿ ಅಂಗಡಿಯವರ ಸೊಸೆ.

ಕೊಟ್ಟೂರಿನ ಕಾಲೇಜಿನಿಂದ ನಾನು ರಜೆಗೆ ಬಂದಿದ್ದೆ. ಅವ್ವ ನನ್ನನ್ನು ಕರೆದುಕೊಂಡು ಹಗರಿಬೊಮ್ಮನಹಳ್ಳಿಯ ತಾಲ್ಲೂಕು ಕಚೇರಿಗೆ ಹೋದಳು.

"ಸಾಹೇಬ್ರ, ಮಂದಿ ದುಡಿಯಾಕ ಹೋಗ್ಯಾರ. ಸುಗ್ಗಿ ಮುಗಿಯೋತನ ಮುಂದಕ್ಕ ಹಾಕ್ರಿ."

"ಈಗಾಗ್ಲೇ ತಡ ಆಗೈತಮ್ಮ. ಇಷ್ಟರೊಳಗ ಮುಗಿಸಬೇಕಂತ ಕಾಯ್ದೆ ಐತಿ. ಪ್ರಕಟಣಿ ಆದಮ್ಯಾಲ ನನ್ನ ಕೈಯಾಗ ಏನಿಲ್ಲ," ಎಂದರು ಅಧಿಕಾರಿ. ಗದರಲಿಲ್ಲ, ಕೂರಿಸಿ ಚಹಾ ತರಿಸಿದರು.

ಅವ್ವ ವಾದಕ್ಕಿಳಿಯಲಿಲ್ಲ. ನನ್ನನ್ನು ಊರಿನ ಬಸ್ಸು ಹತ್ತಿಸಿ ತಾನು ಹೊಸಪೇಟೆಯ ಬಸ್ಸು ಹಿಡಿದಳು. ಅಲ್ಲಿಂದ ಮುಂದೆ ಗದ್ದೆಯಿಂದ ಗದ್ದೆಗೆ ತಿರುಗಿ ನಮ್ಮೂರವರನ್ನು ಹುಡುಕಿದಳಂತೆ. ಜಮೀನಿನವರು ಮೊದಲು ಒಪ್ಪಲೇ ಇಲ್ಲ. "ಒಂದಿನ ಬಿಡ್ರಿ, ಆಮ್ಯಾಲ ನಾನೂ ಬಂದು ಕೊಯ್ತೀನಿ" ಎಂದ ಮೇಲೆ ಹೂಂ ಅಂದರು.

ಮತದಾನದ ದಿನ ಮಧ್ಯಾಹ್ನ ಲಾರಿಯೊಂದು ಶಾಲೆಯ ಮುಂದೆ ನಿಂತಿತು. ಹೆಂಗಸರು ತಲೆಯ ಧೂಳನ್ನೂ ಕೊಡವದೆ, ಕೂಸುಗಳನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತರು. ನನಗೆ ಗೆದ್ದಷ್ಟೇ ಖುಷಿಯಾಯಿತು.

ಸಂಜೆ ಅಲ್ಲೇ ಎಣಿಕೆ. ಇಬ್ಬರಿಗೂ ಸಮ. ಮತ್ತೆ ಎಣಿಸಿದರು, ಮತ್ತೂ ಸಮ.

"ಮಂದಿನ್ನ ಇನ್ನೊಂದ್ಸಲ ಕೇಳಾಕ ಬರೂದಿಲ್ಲೇನ್ರಿ? ಎಲ್ಲಾರೂ ಇಲ್ಲೇ ಅದಾರ," ಎಂದಳು ಅವ್ವ.

"ಕಾಯ್ದೆದಾಗ ಹಂಗಿಲ್ಲಮ್ಮ. ಚೀಟಿ ಎತ್ತೋದ," ಎಂದರು ಚುನಾವಣೆ ನಡೆಸಲು ಬಂದಿದ್ದವರು.

ಎರಡು ಚೀಟಿ ಮಡಚಿ ಚೊಂಬಿಗೆ ಹಾಕಿ ಒಂದನ್ನು ಎತ್ತಿದರು. ಅವ್ವನ ಹೆಸರು! ಹೊರಗೆ ಹೆಂಗಸರು ಕೂಗಿದರು. ಅವ್ವ ಮಾತ್ರ ನಗಲಿಲ್ಲ. ಕಣ್ಣೊರೆಸಿಕೊಳ್ಳುತ್ತಿದ್ದ ಅಂಗಡಿಯ ಸೊಸೆಯ ಹತ್ತಿರ ಹೋಗಿ, "ನಿನಗೂ ನನ್ನಷ್ಟ ಮಂದಿ ಹಾಕ್ಯಾರವ್ವ. ಓಣಿಗೆ ನಲ್ಲಿ ಕೇಳಾಕ ಇಬ್ರೂ ಹೋಗೋಣು, ಬಾ," ಎಂದಳು. ಆಕೆ ಮುಖ ತಿರುಗಿಸಿದಳು.

ಮರುದಿನ ಬೆಳಿಗ್ಗೆ ಹೊಸ ಮೆಂಬರು ಕುಡುಗೋಲು ಹಿಡಿದು, ಅದೇ ಹೆಂಗಸರ ಜೊತೆ ಲಾರಿ ಹತ್ತಿದಳು.

ಉಪಚುನಾವಣೆಯಾದ್ದರಿಂದ ಸಿಕ್ಕಿದ್ದು ಉಳಿದ ಅವಧಿ ಮಾತ್ರ. ಅಷ್ಟರಲ್ಲಿ ಓಣಿಗೊಂದು ನಲ್ಲಿ ಬಂತು. ಸಭೆಯ ದಿನ ಕೂಲಿ ತಪ್ಪುತ್ತದೆಂದು ಅವ್ವ ಮತ್ತೆ ನಿಲ್ಲಲಿಲ್ಲ. ಮುಂದಿನ ಸಲ ಅಂಗಡಿಯ ಸೊಸೆ ಗೆದ್ದಳು. ಅವ್ವ ಆಕೆಗೇ ಓಟು ಹಾಕಿದ್ದಳು. ಆದರೆ ಆಕೆಯ ಮುಂದೆ ಅದನ್ನು ಎಂದೂ ಬಾಯಿಬಿಡಲಿಲ್ಲ.