ಒಗೆಯುವ ಯಂತ್ರದ ಹೊಟ್ಟೆಯಲ್ಲಿದ್ದ ಕಲ್ಲು

ಬಟ್ಟೆ ಒಗೆಯುವುದನ್ನು ಯಾರೂ ಕೆಲಸ ಬಿಟ್ಟು ಬಂದು ನೋಡುವುದಿಲ್ಲ. ಅದೇ ಕೆಲಸ ದುಂಡನೆಯ ಗಾಜಿನ ಬಾಗಿಲೊಂದರ ಹಿಂದೆ ನಡೆದರೆ ಮಾತ್ರ ಅರ್ಧ ಬೀದಿಯೇ ಬಂದು ನಿಲ್ಲುತ್ತದೆ. ಯಶವಂತಪುರದ ನಮ್ಮ ಮನೆಯಲ್ಲಿ, ಬಚ್ಚಲಿನ ಬಾಗಿಲ ಪಕ್ಕದಲ್ಲಿ, ಇದನ್ನು ನಾನು ದಿನವೂ ಕಾಣುತ್ತಿದ್ದೆ. ನಾನು ಎದುರು ಬಂದರೆ ತಲೆ ಎತ್ತದ ಜನ, ನನ್ನ ಪಂಚೆ ನೊರೆಯಲ್ಲಿ ಮುಳುಗಿ ಏಳುವುದನ್ನು ಕಾಲು ನೋಯುವವರೆಗೂ ನಿಂತು ನೋಡುತ್ತಿದ್ದರು.

ಅರವತ್ತರ ದಶಕದ ಮಾತು. ಹೆಬ್ಬಾಳದಲ್ಲಿ ದನಗಳ ಮೇವಿನ ಸಂಶೋಧನೆಗೆಂದು ಬಂದಿದ್ದ ಜರ್ಮನ್ ತಜ್ಞರೊಬ್ಬರು ಊರಿಗೆ ಹಿಂತಿರುಗುವಾಗ, ನನ್ನ ಪತ್ರಿಕೆಗೆ ಒಮ್ಮೆ ಅವರ ಸಂದರ್ಶನ ಮಾಡಿದ್ದ ಪರಿಚಯದ ಮೇಲೆ, ಈ ಯಂತ್ರವನ್ನು ನಮಗೆ ಬಿಟ್ಟುಕೊಟ್ಟರು. ಎತ್ತಿನ ಗಾಡಿಯಲ್ಲಿ ಬಂದ ಅದನ್ನು ಇಳಿಸಲು ಆರು ಜನ ಬೇಕಾಯಿತು. ಪರದೇಶದ ವಸ್ತು ಗಟ್ಟಿಯಾಗಿಯೇ ಇರುತ್ತದೆಂದು ಆರೂ ಜನ ಒಮ್ಮತದಿಂದ ಹೇಳಿದರು.

ನನಗೆ ಬೆರಗಾಗಿದ್ದ ಈ ವಸ್ತು ನನ್ನ ಹೆಂಡತಿ ಸರಸ್ವತಿಗೆ ಬದುಕಿನ ಪ್ರಶ್ನೆಯಾಗಿತ್ತು. ಅವಳು ಶಾಲೆಯೊಂದರಲ್ಲಿ ತಾತ್ಕಾಲಿಕ ಉಪಾಧ್ಯಾಯಿನಿ. ಆ ವರ್ಷ ಬಿ.ಎ. ಪಾಸಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಜಾಗ ಬೇರೆಯವರಿಗೆ ಎಂದು ಮುಖ್ಯೋಪಾಧ್ಯಾಯಿನಿ ಮುಚ್ಚುಮರೆಯಿಲ್ಲದೆ ತಿಳಿಸಿದ್ದರು. ಓದಲು ಬೆಳಗಿನ ಹೊತ್ತು ಬಿಟ್ಟರೆ ಬೇರೆ ಬಿಡುವಿಲ್ಲ. ಆ ಹೊತ್ತನ್ನು ಅದುವರೆಗೆ ಬಟ್ಟೆಗಳು ನುಂಗುತ್ತಿದ್ದವು. ಯಂತ್ರ ಬಂದ ಮೇಲೆ ಅವಳಿಗೆ ಎರಡು ಗಂಟೆ ಸಿಕ್ಕಿತು. ಮೂರು ತಿಂಗಳು ಅವಳು ಇತಿಹಾಸ ಓದಿದಳು, ಯಂತ್ರ ಬಟ್ಟೆ ಒಗೆಯಿತು, ನಾನು ಇಬ್ಬರಿಗೂ ಅಡ್ಡಬರದೆ ಇದ್ದೆ.

ಆಮೇಲೆ ಬಾಗಿಲಿನ ಸುತ್ತಲಿನ ರಬ್ಬರು ಬಿರುಕು ಬಿಟ್ಟು ನೀರು ಸೋರತೊಡಗಿತು. ಅದೇ ವಾರ ಒಳಗಿನ ಬೆಲ್ಟೂ ಹರಿಯಿತು. ಪರೀಕ್ಷೆಗೆ ಎರಡು ತಿಂಗಳಿತ್ತು. ಯಂತ್ರದ ಜೊತೆ ಬಂದಿದ್ದ ಕೈಪಿಡಿ ಜರ್ಮನ್ ಭಾಷೆಯದು. ಅದರ ಚಿತ್ರಗಳನ್ನು ಕೂಲಂಕಷವಾಗಿ ಪರಿಶೀಲಿಸಿ ನಾನು ತಲುಪಿದ ನಿರ್ಣಯವೆಂದರೆ, ನೀರಿನ ಕೊಳವೆಯನ್ನು ಒಂದೋ ಎಲ್ಲಕ್ಕಿಂತ ಮೊದಲು ಬಿಚ್ಚಬೇಕು, ಇಲ್ಲವೇ ಎಂದೆಂದಿಗೂ ಬಿಚ್ಚಬಾರದು.

ಕೊನೆಗೆ ಮಾಕಳಿಯ ಮುನಿಯಪ್ಪನನ್ನು ಕರೆಸಿದೆ. ತುಮಕೂರು ರಸ್ತೆಯ ಉದ್ದಕ್ಕೂ ತೋಟದ ಬಾವಿಗಳ ಪಂಪುಗಳನ್ನು ರಿಪೇರಿ ಮಾಡುವುದರಲ್ಲಿ ಅವನದು ದೊಡ್ಡ ಹೆಸರು. ದಾಸರಹಳ್ಳಿಯ ಪಂಕ್ಚರ್ ಅಂಗಡಿಯಿಂದ ಹಳೆಯ ಲಾರಿ ಟ್ಯೂಬು ತಂದು ಬಾಗಿಲಿಗೆ ಅಳತೆಯಾಗಿ ಕತ್ತರಿಸಿದ. ಹಿಟ್ಟಿನ ಗಿರಣಿಯಿಂದ ಬೆಲ್ಟು ತಂದು ತಿಕ್ಕಿ ಸಣ್ಣ ಮಾಡಿದ. ಅದನ್ನು ಹಾಕಲೆಂದು ಮೇಲಿನ ಮುಚ್ಚಳ ತೆಗೆದವನು ಸ್ತಂಭೀಭೂತನಾಗಿ ನಿಂತ. ಒಳಗೆ, ಬೋಲ್ಟು ಹಾಕಿ ಬಿಗಿದ, ದಿಂಡುಗಲ್ಲಿನಂಥ ಒಂದು ಕಾಂಕ್ರೀಟಿನ ಗಟ್ಟಿ.

"ನೋಡಿ ಸೋಮಿ ಈ ಮೋಸಾನ! ರೇಸನ್ ಅಕ್ಕೀಗೆ ಕಲ್ಲು ಬೆರ್ಸೋರು ನಮ್ಮೋರು ಮಾತ್ರ ಅಂದ್ಕಂಡಿದ್ದೆ. ದೊರೆಗೋಳೂ ತೂಕ ಬರ್ಲಿ ಅಂತ ಕಲ್ಲು ಆಕವ್ರೆ!"

ಇಲ್ಲಿ ನನ್ನ ವೃತ್ತಿಯ ಬಗ್ಗೆ ಒಂದು ಮಾತು ನಿವೇದಿಸಬೇಕು. ಒಂದು ಸುದ್ದಿಯನ್ನು ಇಬ್ಬರು ಬೇರೆಬೇರೆಯಾಗಿ ದೃಢಪಡಿಸದೆ ಅಚ್ಚಿಗೆ ಕಳಿಸಬಾರದೆಂದು ಕಿರಿಯರಿಗೆ ನಾನು ಉಪದೇಶಿಸುತ್ತಿದ್ದ ಕಾಲ ಅದು. ಅದೇ ವಾರ ಪಡಿತರದ ಅಕ್ಕಿಯ ಕಲಬೆರಕೆಯ ಬಗ್ಗೆ ಎರಡು ಕಾಲಮ್ಮು ಬರೆದಿದ್ದೆ. ಮುನಿಯಪ್ಪನ ಮಾತು ನನ್ನ ವರದಿಗೆ ಎಷ್ಟು ಸೊಗಸಾಗಿ ಹೊಂದಿಕೊಂಡಿತೆಂದರೆ, ಅದನ್ನು ಸಂಶಯಿಸುವುದು ನನಗೆ ಕೃತಘ್ನತೆಯಂತೆ ಕಂಡಿತು.

ಸರಸ್ವತಿ ಪುಸ್ತಕದಿಂದ ತಲೆಯೆತ್ತಿದಳು. "ರೀ, ಅಷ್ಟು ದೂರದಿಂದ ಕಲ್ಲು ಹೊತ್ಕೊಂಡು ಬಂದಿದಾರೆ ಅಂದ್ರೆ ಏನಾದ್ರೂ ಕಾರಣ ಇರುತ್ತೆ. ಸುಮ್ನೆ ಇದ್ದ ಹಾಗೇ ಬಿಡಿ."

"ಒಳಗೆ ಚಿನ್ನ ಗಿನ್ನ ಇಕ್ಕಿದ್ರೆ ಅಮ್ಮೋರೆ?" ಎಂದ ಮುನಿಯಪ್ಪ.

ಚಿನ್ನದ ಕಳ್ಳಸಾಗಣೆಯ ಸುದ್ದಿಗಳು ದಿನವೂ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತಿದ್ದವು. ಗಟ್ಟಿಯನ್ನು ಬಿಚ್ಚಿ ಹಿತ್ತಲಿಗೆ ಉರುಳಿಸಿ, ಸುತ್ತಿಗೆ ತಂದು, ನಾವಿಬ್ಬರು ವಯಸ್ಕರು ಅರ್ಧ ಗಂಟೆ ಶ್ರಮಿಸಿ ಅದನ್ನು ಒಡೆದೆವು. ಒಳಗಿದ್ದದ್ದು ಕಾಂಕ್ರೀಟು.

ಮರುದಿನ ಯಂತ್ರ ಸೋರಲಿಲ್ಲ, ಚೆನ್ನಾಗಿಯೇ ತಿರುಗಿತು. ಆದರೆ ಕೊನೆಯಲ್ಲಿ ಬಟ್ಟೆ ಹಿಂಡಲೆಂದು ವೇಗ ಹಿಡಿದದ್ದೇ, ಅದುವರೆಗೆ ದೇವರ ಪೀಠದಂತೆ ಕೂತಿದ್ದ ಆಕೃತಿ ಗಡಗಡನೆ ನಡುಗಿ ನೆಲದ ಮೇಲೆ ನಡೆಯತೊಡಗಿತು. ನಾನು ಹಿಂದೆ ಓಡಿದೆ. ನಡುವೆ ನಿಲ್ಲಿಸಲು ಯಾವ ಗುಂಡಿ ಒತ್ತಬೇಕೆಂಬುದು ಜರ್ಮನ್ನಿನಲ್ಲಿತ್ತು. ಅದು ಬಚ್ಚಲ ಬಾಗಿಲಿಗೆ ಅಡ್ಡಲಾಗಿ ನಿಂತು, ತಂತಿ ಕಿತ್ತುಕೊಂಡು ಸುಮ್ಮನಾಯಿತು. ಒಳಗೆ ಸರಸ್ವತಿ ಸ್ನಾನಕ್ಕೆ ಹೋಗಿದ್ದಳು. ವಾರಕ್ಕೊಮ್ಮೆ ಇತಿಹಾಸ ಹೇಳಿಕೊಡುತ್ತಿದ್ದ ಮೇಷ್ಟರ ಮನೆಗೆ ಅವಳು ಹೋಗಬೇಕಾದ ದಿನ ಅದೇ. ನೀರು ತುಂಬಿದ ಯಂತ್ರವನ್ನು ಸರಿಸಲು ಜನ ಸೇರಿಸುವಷ್ಟರಲ್ಲಿ ಪಾಠ ಮುಗಿದುಹೋಗಿತ್ತು.

"ಮೊದ್ಲು ನಡೀತಿರ್ಲಿಲ್ಲ," ಎಂದಳು ಅವಳು ಬಾಗಿಲ ಹಿಂದಿನಿಂದ, ಕೋಪಕ್ಕಿಂತ ಭಯಂಕರವಾದ ಶಾಂತಿಯಿಂದ. "ಮೊದ್ಲು ಕಲ್ಲಿತ್ತು. ಈಗ ಕಲ್ಲಿಲ್ಲ, ನಡೀತಿದೆ. ಇದಕ್ಕೆ ಎಷ್ಟು ಜನ ಸಾಕ್ಷಿ ಬೇಕು ನಿಮಗೆ?"

ಹೊಸ ಗಟ್ಟಿ ಎರಕ ಹೊಯ್ಯೋಣವೆಂದರೆ ಆಗ ಸಿಮೆಂಟಿಗೆ ಪರ್ಮಿಟ್ಟು ಬೇಕು. ಅರ್ಜಿಯಲ್ಲಿ 'ಉದ್ದೇಶ' ಎಂಬಲ್ಲಿ 'ಬಟ್ಟೆ ಒಗೆಯುವುದು' ಎಂದು ಬರೆದದ್ದನ್ನು ಓದಿದ ಗುಮಾಸ್ತರು ನನ್ನನ್ನು ಬಹಳ ಹೊತ್ತು ಕರುಣೆಯಿಂದ ನೋಡಿ, ಕಾಯಬೇಕಾಗುತ್ತದೆ ಎಂದರು. ಯಂತ್ರದ ಮೇಲೆ ಮರಳಿನ ಚೀಲ ಇಟ್ಟೆ, ಜಾರಿ ಬಿತ್ತು. ಚಪ್ಪಡಿ ಇಟ್ಟೆ, ಅದೂ ಜಾರಿತು, ನನ್ನ ಕಾಲ್ಬೆರಳು ಸ್ವಲ್ಪದರಲ್ಲಿ ತಪ್ಪಿಸಿಕೊಂಡಿತು. ಉಳಿದ ಭಾರವಾದ ವಸ್ತು ಮನೆಯಲ್ಲಿ ನಾನೊಬ್ಬನೇ.

ಹೀಗೆ ನಾನು ಪ್ರತಿ ಬೆಳಗ್ಗೆ ಯಂತ್ರಾರೂಢನಾದೆ. ಯಾವ ಕ್ಷಣದಲ್ಲಿ ಅದು ವೇಗ ಹಿಡಿಯುತ್ತದೆಂದು ತಿಳಿಯದ ಕಾರಣ ಮೊದಲಿನಿಂದ ಕೊನೆಯವರೆಗೂ ಕೂರಬೇಕಾಗಿತ್ತು. ಪಕ್ಕದ ಮನೆಯ ನಿವೃತ್ತ ರೈಲ್ವೆ ಗಾರ್ಡು ಕಾಂಪೌಂಡಿನ ಮೇಲಿಂದ ಇಣುಕಿ, "ಏನ್ ಸ್ವಾಮಿ, ಗಾಡಿ ಎಷ್ಟೊತ್ತಿಗೆ ಬಿಡ್ತೀರಿ? ಹಸಿರು ಬಾವುಟ ನಾನೇ ತೋರಿಸ್ಲಾ?" ಎಂದು ಕೇಳುತ್ತಿದ್ದರು. ಸುಮ್ಮನೆ ಕೂರುವ ಬದಲು ಸರಸ್ವತಿಗೆ ಕೇಳುವಂತೆ ಅವಳ ಟಿಪ್ಪಣಿಗಳನ್ನು ಗಟ್ಟಿಯಾಗಿ ಓದತೊಡಗಿದೆ. ಯಂತ್ರ ವೇಗ ಹಿಡಿದಾಗ ಮೊಘಲರೂ ಮರಾಠರೂ ನನ್ನ ಬಾಯಲ್ಲಿ ಸಮಾನವಾಗಿ ನಡುಗುತ್ತಿದ್ದರು. ಹತ್ತು ಪುಟದ ಟಿಪ್ಪಣಿಯನ್ನು ನಾಲ್ಕು ಸಾಲಿಗೆ ಇಳಿಸುವುದು ನನ್ನ ಹೊಟ್ಟೆಪಾಡಿನ ವಿದ್ಯೆ; ಅದು ಮನೆಯಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಅವಳಿಗೆ ತಪ್ಪಿಹೋಗಿದ್ದ ಪಾಠವನ್ನೂ ಹೀಗೆಯೇ ಮುಗಿಸಿದೆವು.

ಮೇಲೆ ಕೂತಾಗ ಮನಸ್ಸು ಗೊಂದಲಗೊಳ್ಳುತ್ತಿತ್ತು. ಏನೂ ಮಾಡದೆ ಬಿದ್ದಿರುವ ವಾಕ್ಯಗಳನ್ನು ಹುಡುಕಿ ಹೊಡೆದುಹಾಕುವುದು ನನ್ನ ಕೆಲಸ. ಆ ಕಲ್ಲೂ ಏನೂ ಮಾಡುತ್ತಿರಲಿಲ್ಲ. ತಿರುಗಲಿಲ್ಲ, ಒಗೆಯಲಿಲ್ಲ, ಸುಮ್ಮನೆ ಇತ್ತು, ಅಷ್ಟೆ. ಹಾಗಾದರೆ ಇಷ್ಟು ವರ್ಷಗಳಲ್ಲಿ ನಾನು ಎಷ್ಟು ಜನರ ಬರಹಗಳಿಂದ ಇಂಥ ಕಲ್ಲುಗಳನ್ನು ಕಿತ್ತು, ಅವು ದಿಕ್ಕೆಟ್ಟು ನಡೆಯುವಂತೆ ಮಾಡಿರಬಹುದು? ಉತ್ತರ ಹೊಳೆಯುವ ಹೊತ್ತಿಗೆ ಸರಿಯಾಗಿ ಯಂತ್ರ ಕುಲುಕುತ್ತಿತ್ತು.

ಸರಸ್ವತಿ ಎರಡನೆಯ ದರ್ಜೆಯಲ್ಲಿ ಪಾಸಾದಳು, ಕೆಲಸ ಖಾಯಮಾಯಿತು. ಅದೇ ವಾರ ಪರ್ಮಿಟ್ಟೂ ಬಂತು. ಮುನಿಯಪ್ಪ ಕರಣೆ ಹಿಡಿದು, ಪಶ್ಚಾತ್ತಾಪದಿಂದ ಹಲಗೆಯ ಅಚ್ಚನ್ನೂ ತಾನೇ ಮಾಡಿಕೊಂಡು ಬಂದು ನಿಂತ.

"ಆ ಸಿಮೆಂಟಲ್ಲಿ ಬಚ್ಚಲು ನೆಲ ಸರಿ ಮಾಡ್ಕೊಡಿ ಮುನಿಯಪ್ಪ," ಎಂದಳು ಸರಸ್ವತಿ.

"ಮತ್ತೆ ಮಿಸೀನು ಅಮ್ಮೋರೆ?"

"ಎಂ.ಎ.ಗೆ ಕಟ್ತಾ ಇದೀನಿ. ಇನ್ನೆರಡು ವರ್ಷ ಇವರೇ ಇರ್ಲಿ."

ಹಾಗಾದರೆ ಯಂತ್ರ ರಿಪೇರಿಯಾದಂತೆಯೇ, ಆಗದಂತೆಯೇ ಎಂದು ನಾನು ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಮುನಿಯಪ್ಪ, ಪಂಪಿಗೆ ಹೊಸ ಬಿಡಿಭಾಗ ಆರಿಸುವವನಂತೆ, ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ಅಳೆದು ನೋಡಿದ.

"ತೂಕ ವಸಿ ಸಾಲ್ದು ಸೋಮಿ," ಎಂದ. "ಚೆಂದಾಗಿ ಉಣ್ಣಿ."