ಎರಡನೆಯ ಟಿಕೆಟ್

ಕಟಿಂಗ್ ಶಾಪ್ ಮಾಮನಿಗೆ ನಮ್ಮ ಫುಟ್‌ಬಾಲ್ ಕ್ಲಬ್ಬಿನ ಈಗಿನ ಆಟಗಾರರೆಂದರೆ ಅಷ್ಟಕ್ಕಷ್ಟೇ. "ಆಗಿನೋರು ಒದ್ರೆ ಚೆಂಡು ಅಮ್ಮಾ ಅಂತಿತ್ತು ಕಣಯ್ಯಾ, ಇವರು ಚೆಂಡನ್ನ ಮುದ್ದಾಡ್ತಾರೆ" ಎನ್ನುತ್ತ ಗಿರಾಕಿಯ ತಲೆಯನ್ನು ಅರ್ಧಕ್ಕೇ ಬಿಟ್ಟು ಗಾಳಿಯಲ್ಲಿ ಕತ್ತರಿ ಆಡಿಸುತ್ತಾರೆ. ಆದರೂ ಒಂದು ಪಂದ್ಯವನ್ನೂ ತಪ್ಪಿಸುವುದಿಲ್ಲ. ಎರಡು ಟಿಕೆಟ್ ಕೊಂಡು, ಪಕ್ಕದ ಖಾಲಿ ಕುರ್ಚಿಯತ್ತ ಬಾಗಿ, ಜೋರಾಗಿ ಆಟ ವರ್ಣಿಸುತ್ತಾರೆ. ಮೈದಾನದಲ್ಲಿ ನಾವು ಸೋಲುತ್ತಿದ್ದರೂ ಅವರ ಬಾಯಲ್ಲಿ ಮಾತ್ರ, ಎಂದೋ ಆಟ ಬಿಟ್ಟ, 'ಉಕ್ಕಿನ ಮಂಡೆ' ಎಂದೇ ಹೆಸರಾಗಿದ್ದ ಹಳೆಯ ಆಟಗಾರ ಗೋಲು ಹೊಡೆದಿರುತ್ತಾನೆ. "ಮಾಮ, ನಮಗೂ ಕಣ್ಣಿದೆ, ಸುಮ್ನಿರಿ!" ಎಂದು ಹಿಂದಿನ ಸಾಲಿನವನೊಬ್ಬ ಒಮ್ಮೆ ರೇಗಿದ. "ನಿಂಗಿದೆ ಕಣಪ್ಪಾ" ಎಂದರು ಮಾಮ. ಆ ಕುರ್ಚಿ ತೀರಿಹೋದ ಅವರ ಅಣ್ಣನದು. ಕಣ್ಣು ಕಾಣದ ಆ ಅಣ್ಣ ತಮ್ಮನ ಬಾಯಿಂದ ಆಟ ನೋಡುತ್ತಿದ್ದಷ್ಟು ಕಾಲ, ಅವರ ಪಾಲಿಗೆ ನಮ್ಮ ಕ್ಲಬ್ಬು ಒಂದೇ ಒಂದು ಪಂದ್ಯವನ್ನೂ ಸೋತಿರಲಿಲ್ಲ.