ಪಾಲಿಶ್ ಪೇಪರ್ ಕೊಟ್ಟ ಮಿಸ್ತ್ರಿ

2003ರಲ್ಲಿ ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು ಮಿರಜಿನ ಫರ್ನಿಚರ್ ಅಂಗಡಿಯೊಂದಕ್ಕೆ ಕೆಲಸಕ್ಕೆ ಸೇರಿದ ದಿನ ನಾನು ಮೊದಲು ಕಂಡದ್ದು ಪಾಲಿಶ್ ಮಿಸ್ತ್ರಿಯ ಬಲಗೈಯ ಮೂರು ಬೆರಳು. ಅರಗು, ಸ್ಪಿರಿಟ್ಟು ಕುಡಿದು ಕುಡಿದು ಅವು ಉಗುರಿನ ಬುಡದವರೆಗೂ ಕಾಕಂಬಿಯ ಬಣ್ಣಕ್ಕೆ ತಿರುಗಿದ್ದವು. ಆ ಬೆರಳುಗಳನ್ನು ಹಲಗೆಯ ಮೇಲಿಟ್ಟು, ಕಣ್ಣು ಮುಚ್ಚಿ, ಈ ತುದಿಯಿಂದ ಆ ತುದಿಗೆ ಎಳೆಯುತ್ತಿದ್ದ. ನಮ್ಮ ಕಣ್ಣಿಗೆ ಕಾಣದ ಗೀರು ಅವನ ಬೆರಳಿಗೆ ಸಿಗುತ್ತಿತ್ತು. "ಇಲ್ಲಿ ಉಳದೈತಿ ನೋಡು," ಎಂದು ಹಲಗೆಯನ್ನು ನನ್ನ ಕಡೆ ನೂಕುತ್ತಿದ್ದ.

ಸತ್ತವರನ್ನು ಬಹುವಚನದಲ್ಲಿ ಕರೆಯಬೇಕು ಎನ್ನುತ್ತಾಳೆ ನನ್ನ ಹೆಂಡತಿ. ಎದುರಿಗಿದ್ದಾಗ 'ರಿ' ಹಚ್ಚಿ ಸಾಕಷ್ಟು ಮಾತಾಡಿದ್ದೇನೆ. ಇಲ್ಲಿ ಹಚ್ಚುವುದಿಲ್ಲ.

ಕೆಲಸ ಕಲಿಸಿದವನು ಅವನೇ, ಸುಳ್ಳು ಯಾಕೆ ಹೇಳಲಿ. ಒಂದು ಕಪಾಟಿನ ಬಾಗಿಲನ್ನು ಏಳು ಸಲ ತಿಕ್ಕಿಸಿ ಎಂಟನೇ ಸಲಕ್ಕೆ "ಹೂಂ" ಅಂದವನು. ಡಬ್ಬಿ ತರದ ದಿನ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟವನು. ಆದರೆ ಹದಿನೇಳಕ್ಕೆ ನನ್ನ ಮುಖದ ತುಂಬ ಮೊಡವೆ ಎದ್ದವು. ಸ್ಪಿರಿಟ್ಟಿನ ಕೈಯಲ್ಲೇ ಚಿವುಟುತ್ತಿದ್ದೆ. ಒಣಗಿದವು ಕಪ್ಪು ಚುಕ್ಕೆಗಳನ್ನೂ ಕುಳಿಗಳನ್ನೂ ಬಿಟ್ಟು ಹೋದವು. ಆಗ ಅವನು ನನಗೆ ಸಾಣಿಗಿ ಎಂದು ಹೆಸರಿಟ್ಟ. ಹಿಟ್ಟು ಸೋಸುವ ಜರಡಿಗೆ ನಮ್ಮಲ್ಲಿ ಹಾಗನ್ನುತ್ತಾರೆ.

"ಏ ಸಾಣಿಗಿ, ಆ ಕಪಾಟಿನ ಮುಂದ ನಿಂದ್ರಬ್ಯಾಡಲೇ. ಅದರಾಗ ನಿನ್ನ ಮಾರಿ ಕಂಡ್ರ ಪಾಲಿಶ್ ಕೆಟ್ಟೈತಿ ಅಂತ ಗಿರಾಕಿ ಎದ್ದ ಹೋಗ್ತಾನ!"

ಗಿರಾಕಿ ನಗುತ್ತಿದ್ದ, ಮಾಲೀಕ ನಗುತ್ತಿದ್ದ. ನಾನೂ ನಗುತ್ತಿದ್ದೆ. ಅದೊಂದು ನಗೆಗಾಗಿ ನನ್ನ ಮೇಲೂ ನನಗೆ ಸಿಟ್ಟಿದೆ.

ಇಪ್ಪತ್ತೆರಡಕ್ಕೆ ಸಲಗರೆಯಲ್ಲಿ ಒಂದು ಹೆಣ್ಣು ನೋಡುವುದೆಂದು ಗೊತ್ತಾಯಿತು. ಎಂಟು ದಿನ ಉಳಿದಿತ್ತು. ಮಿಸ್ತ್ರಿ ನನ್ನನ್ನು ಕರೆದು, ಕಣ್ಣು ಮುಚ್ಚಿ, ಆ ಮೂರು ಬೆರಳನ್ನು ನನ್ನ ಗಲ್ಲದ ಮೇಲೆ ಎಳೆದ, ಥೇಟ್ ಹಲಗೆಯ ಹಾಗೆ.

"ಭಾಳ ಖಡಬಡಾ ಐತಿ," ಎಂದು ಸವೆದ ಪಾಲಿಶ್ ಪೇಪರಿನ ತುಂಡೊಂದನ್ನು ಕೈಗಿಟ್ಟ. "ನೀರಾಗ ನೆನಸಿ ದಿನಾ ಸಂಜಿಮುಂದ ಹಗೂರಕ ತಿಕ್ಕು. ಸಾಗವಾನಿ ಕಟ್ಟಿಗೀನs ನುಣುಪಾಗತೈತಿ, ನಿನ್ನ ಮಾರಿ ಏನ್ ದೊಡ್ಡದು?"

ಮಿಸ್ತ್ರಿ ಹೇಳಿದ ಮೇಲೆ ಯಾಕೆ ಎಂದು ಕೇಳುವ ಪದ್ಧತಿ ನಮ್ಮ ಕಸುಬಿನಲ್ಲಿಲ್ಲ. ಮರ ತಿಕ್ಕುವ ಕಾಗದದಿಂದ ಎಂಟು ದಿನ ಮುಖ ತಿಕ್ಕಿದೆ. ಮೊದಲೆರಡು ದಿನ ನುಣುಪಾದಂತೆ ಅನ್ನಿಸಿತು. ಆಮೇಲೆ ಉರಿ. ಬಿಸಿಲಲ್ಲಿ ಮೋಟಾರ್‌ಸೈಕಲ್ ಮೇಲೆ ಸಲಗರೆ ಮುಟ್ಟುವಷ್ಟರಲ್ಲಿ ಎರಡೂ ಗಲ್ಲ ಸುಟ್ಟ ಬದನೆಕಾಯಿ. ಹುಡುಗಿಯ ಮಾವಶಿ, ಅಂದರೆ ತಾಯಿಯ ತಂಗಿ, ಅವಲಕ್ಕಿ ತಟ್ಟೆ ಇಡುತ್ತಾ ನನ್ನ ಅಪ್ಪನನ್ನು ಕೇಳಿದಳು: "ಹುಡುಗಗ ಏನರೆ ಅಂಟು ಜಡ್ಡು ಐತೇನ್ರಿ?"

ನಾವು ಚಹಾಕ್ಕೆ ಕೂಡಲಿಲ್ಲ.

ಮರುದಿನ ಮಿಸ್ತ್ರಿ ನನ್ನ ಮುಖ ನೋಡಿ ಬಾಯೊಳಗಿನ ತಂಬಾಕು ಹೊರಬೀಳುವಂತೆ ನಕ್ಕ. "ಯವ್ವಾ, ಸಾಣಿಗಿ ಹೋಗಿ ಹಂಚು ಆಗ್ಯಾನಲ್ಲೋ!" ಅಂದೇ ಕೆಲಸ ಬಿಟ್ಟೆ. ಒಂದಲ್ಲ ಒಂದು ದಿನ ಇವನನ್ನು ನನ್ನ ಬಾಗಿಲಲ್ಲಿ ನಿಲ್ಲಿಸುತ್ತೇನೆಂದು ಆಣೆ ಮಾಡಿಕೊಂಡೆ.

ಮಿರಜಿನಲ್ಲೇ ಒಬ್ಬ ಚರ್ಮದ ಡಾಕ್ಟರ್ ಬಾಯಿ ಇದ್ದರು, ವಿಜಯಪುರದ ಕಡೆಯ ಹೆಣ್ಣುಮಗಳು. ಪಾಲಿಶ್ ಪೇಪರಿನ ಸಂಗತಿ ಕೇಳಿ ಪೆನ್ನು ಕೆಳಗಿಟ್ಟರು. "ಕಟ್ಟಿಗಿ ಸತ್ತದ್ದಪ್ಪಾ, ತಿಕ್ಕಿದ್ರ ಸುಮ್ನಿರ್ತೈತಿ. ಚರ್ಮಕ್ಕ ಜೀವ ಐತಿ, ತಿಕ್ಕಿದಷ್ಟೂ ಕಪ್ಪಾಗತೈತಿ," ಎಂದರು. ಕಪ್ಪು ಕಲೆ ಬರೀ ಬಣ್ಣ. ಚಿವುಟದೆ, ಬಿಸಿಲಿಗೆ ಕ್ರೀಮು ಹಚ್ಚಿಕೊಂಡು ತಾಳಿದರೆ ತಿಂಗಳುಗಟ್ಟಲೆ ಹಿಡಿದು ಮಾಸುತ್ತದೆ. ಕುಳಿ ಹಾಗಲ್ಲ, ಅಲ್ಲಿ ಒಳಗಿನ ಚರ್ಮವೇ ಕರಗಿ ಹೋಗಿರುತ್ತದೆ. ಮೊದಲು ಹೊಸ ಮೊಡವೆ ನಿಲ್ಲಿಸಬೇಕು, ಆಮೇಲೆ ಸಣ್ಣ ಸೂಜಿಗಳಿಂದ ಚುಚ್ಚಿ ಒಳಗಿಂದ ಹೊಸ ಚರ್ಮ ಬೆಳೆಯುವಂತೆ ಮಾಡಬೇಕು. "ಪೂರಾ ಹೋಗೂದಿಲ್ಲ. ಅರ್ಧಾ ತುಂಬಿದ್ರ ನನ್ನ ಪುಣ್ಯ, ನಿನ್ನ ಪುಣ್ಯ." ಸೂಜಿ ಚುಚ್ಚಿದಾಗಲೆಲ್ಲ ನಾನು ನೆನೆದದ್ದು ದೇವರನ್ನಲ್ಲ, ಮಿಸ್ತ್ರಿಯನ್ನು.

ಹತ್ತು ವರ್ಷದ ಮೇಲೆ ಅವನು ತಾನಾಗಿಯೇ ಬಂದ. ಸಾಂಗ್ಲಿ ರಸ್ತೆಯಲ್ಲಿ ನನ್ನದೇ ವರ್ಕ್‌ಶಾಪು ಆಗಿತ್ತು. ಹಿಂದೆ ಅವನ ಮಗಳು, ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡಿದ್ದಳು.

"ಮಾರಿ ಭಾಳ ಸುಧಾರಿಸೈತಲ್ಲೋ ನಿಂದು. ಯಾವ ಡಾಕ್ಟರ್?"

ಕುಂದ್ರಿ ಅನ್ನಲಿಲ್ಲ. ಕೈಯಲ್ಲಿದ್ದ ಬಾಗಿಲನ್ನು ಪೂರ್ತಿ ತಿಕ್ಕಿ ಮುಗಿಸಿದೆ. ಅವನು ಬಿಸಿಲಲ್ಲಿ ನಿಂತೇ ಇದ್ದ. ಆಮೇಲೆ ಒಳಗೆ ಹೋಗಿ ಪಾಲಿಶ್ ಪೇಪರಿನ ಹೊಸ ಹಾಳೆ ತಂದು ಅವನ ಕೈಯಲ್ಲಿಟ್ಟೆ.

"ಹೊಸಾದ ಐತ್ರಿ ಮಿಸ್ತ್ರಿ. ನೀರಾಗ ನೆನಸಿ, ದಿನಾ ಸಂಜಿಮುಂದ, ಹಗೂರಕ."

ನನ್ನ ಕೆಲಸಗಾರರು ಕೈ ನಿಲ್ಲಿಸಿ ನೋಡಿದರು. ಹತ್ತು ವರ್ಷ ಬಾಯಿಪಾಠ ಮಾಡಿದ ಮಾತು ಅದು. ಆಗ ಹುಡುಗಿ ಓಢಣಿ ಬಿಚ್ಚಿದಳು.

"ಕಾಕಾ, ಅದನ್ನs ಮಾಡೇವ್ರಿ. ಅಪ್ಪಾ ತಾನs ಕುಂತು ತಿಕ್ಯಾನ, ಎಂಟ ದಿನಾ."

ನಾನು ಸಲಗರೆಗೆ ಹೊತ್ತುಕೊಂಡು ಹೋದ ಅದೇ ಎರಡು ಕಪ್ಪು ಗಲ್ಲಗಳು.

ಮಿಸ್ತ್ರಿ ಹಾಳೆಯನ್ನು ತಿರುಗಿಸಿ, ಕಾಗದ ಎಷ್ಟು ಒರಟೆಂದು ತಿಳಿಸುವ ಹಿಂಬದಿಯ ಅಂಕಿ ನೋಡುತ್ತಿದ್ದ. "ನಿನಗ ಪೇಪರಿನ ನಂಬರ್ ತಪ್ಪಿತೇನೋ ಅನ್ಕೊಂಡಿದ್ನಿ. ಅಕಿಗೆ ಇನ್ನೂ ಸಣ್ಣಂದು ತಗೊಂಡ್ನಿ. ಅದೂ ಹತ್ತಲಿಲ್ಲ."

ಚೇಷ್ಟೆಗೆ ಕೊಟ್ಟನೆಂದು ಹತ್ತು ವರ್ಷ ನಂಬಿದ್ದೆ. ಅವನು ನಂಬಿ ಕೊಟ್ಟಿದ್ದ. ನನ್ನ ಸಿಟ್ಟಿನ ಒಂದು ಕಾಲು ಅಲ್ಲೇ ಮುರಿಯಿತು. ಇನ್ನೊಂದು ಗಟ್ಟಿಯಾಗಿಯೇ ಇತ್ತು: ಪೇಪರಿನ ನಂಬರ್ ತಪ್ಪಬಹುದು, ಆ ನಗೆ ತಪ್ಪಿ ಬಂದದ್ದಲ್ಲ.

ಅಂದೇ ಇಬ್ಬರನ್ನೂ ಡಾಕ್ಟರ್ ಬಾಯಿಯ ಹತ್ತಿರ ಕರೆದೊಯ್ದೆ. ಹೊರಗೆ ಕೂಡುತ್ತೇನೆಂದ ಮಿಸ್ತ್ರಿಯನ್ನು "ಬರ್ರಿ ಬರ್ರಿ" ಎಂದು ರಟ್ಟೆ ಹಿಡಿದು ಒಳಗೆ ತಂದೆ.

"ಯಾರ ಹೇಳಿದ್ರು ಇದನ್ನ?" ಎಂದರು ಬಾಯಿ. ನಾನು ಮಿಸ್ತ್ರಿಯ ಕಡೆ ನೋಡಿದೆ. ಅವನೇ ಹೇಳಲಿ.

"ನಾನs ರಿ."

"ಮತ್ತ ಇವರಿಗೆ?" ನನ್ನ ಕಡೆ ಕೈ ತೋರಿಸಿದರು.

"ಅದೂ ನಾನs," ಎಂದ, ನೆಲ ನೋಡುತ್ತಾ. ಮಗಳೆದುರಿಗೆ ಹದಿನೈದು ನಿಮಿಷ ಬೈಸಿಕೊಂಡ. ಕುರ್ಚಿ ಖಾಲಿ ಇದ್ದರೂ ನಾನು ನಿಂತೇ ಕೇಳಿದೆ. ಅಂಥ ಊಟ ನಾನು ಮದುವೆಯಲ್ಲೂ ಉಂಡಿಲ್ಲ.

ಹುಡುಗಿಗೆ ಇದ್ದದ್ದು ಬಣ್ಣ ಮಾತ್ರ. ಏಳೆಂಟು ತಿಂಗಳಲ್ಲಿ ಗಲ್ಲ ತಿಳಿಯಾಯಿತು. ಮಿಸ್ತ್ರಿ ಹೋದ ವರ್ಷ ತೀರಿಕೊಂಡ. ತಪ್ಪಾತು ಎಂದು ಅವನು ಕಡೆತನಕ ಅನ್ನಲಿಲ್ಲ, ಹೋಗಲಿ ಬಿಡ್ರಿ ಎಂದು ನಾನೂ ಅನ್ನಲಿಲ್ಲ. ಹೆಗಲು ಕೊಟ್ಟೆ, ಕಸುಬು ಕೊಟ್ಟವನಿಗೆ ಅಷ್ಟು ಸಲ್ಲಬೇಕು. ಅಳಲಿಲ್ಲ.

ಈಗ ನನ್ನಲ್ಲಿರುವುದು ಒಂದು ವರ್ಕ್‌ಶಾಪು, ಎರಡು ಸ್ಪ್ರೇ ಗನ್ನು, ನಾಲ್ವರು ಕೆಲಸಗಾರರು, ಹೆಂಡತಿ, ಇಬ್ಬರು ಮಕ್ಕಳು, ಎಡಗಲ್ಲದಲ್ಲಿ ಐದು ಕುಳಿ, ಬಲಗಲ್ಲದಲ್ಲಿ ಒಂಬತ್ತು.